ಫ್ಲಶ್ ಟ್ಯಾಂಕಿನ ಗುಪ್ತಗಾಮಿನಿ

ಅಡುಗೆಮನೆಯ ನಲ್ಲಿ ತೊಟ್ಟಿಕ್ಕಿದರೆ ಮನೆಮಂದಿಯ ನಿದ್ದೆ ಕೆಡುತ್ತದೆ. ಕೆಳಗೊಂದು ಪಾತ್ರೆ ಇಟ್ಟು ನೋಡುತ್ತಾರೆ, ಅದರ ಟಪ್ ಟಪ್ ಇನ್ನೂ ಜೋರಾದಾಗ ನಲ್ಲಿಯ ಮೂತಿಗೆ ಬಟ್ಟೆ ಕಟ್ಟುತ್ತಾರೆ, ಕೊನೆಗೆ ಪ್ಲಂಬರಿಗೆ ಫೋನು ಹೋಗುತ್ತದೆ. ಅದೇ ಮನೆಯ ಕಮೋಡಿನ ಹಿಂಬದಿಯಲ್ಲಿ ಬೆರಳಗಲದ ನೀರು ಹಗಲೂ ರಾತ್ರಿ ಜಾರಿ ಹೋಗುತ್ತಿದ್ದರೆ ಯಾರ ಗಮನಕ್ಕೂ ಬರುವುದಿಲ್ಲ. ನೆಲ ಒದ್ದೆಯಾಗುವುದಿಲ್ಲ, ಗೋಡೆಗೆ ತೇವ ಹಿಡಿಯುವುದಿಲ್ಲ, ಸದ್ದೂ ಇಲ್ಲ. ಬಿಳಿ ಪಿಂಗಾಣಿಯ ಮೇಲೆ ತಿಳಿನೀರು ಹರಿದರೆ ಕಾಣುವುದಾದರೂ ಹೇಗೆ? ಟ್ಯಾಂಕಿನಿಂದ ಇಳಿದದ್ದು ನೇರ ಚರಂಡಿಗೆ.

ಒಂದು ಲೆಕ್ಕ ಹಾಕೋಣ. 200 ಮಿಲಿಲೀಟರ್ ಹಿಡಿಯುವ ಲೋಟ ಒಂದು ನಿಮಿಷಕ್ಕೆ ತುಂಬುವಷ್ಟು ಸೋರಿಕೆ ಎಂದಿಟ್ಟುಕೊಳ್ಳಿ. ಕಿವಿಗೆ ಕೇಳುವಷ್ಟು ದೊಡ್ಡದೇನಲ್ಲ. ಗಂಟೆಗೆ 12 ಲೀಟರ್ ಆಯಿತು, ದಿನಕ್ಕೆ 288. ನಗರದ ಮನೆಗಳಲ್ಲಿ ತಲೆಗೆ ದಿನಕ್ಕೆ 135 ಲೀಟರ್ ನೀರು ಬೇಕೆಂಬುದು ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯ ಅಂದಾಜು. ಅದರಲ್ಲಿ 45 ಲೀಟರ್ ಫ್ಲಶ್ ಮಾಡುವುದಕ್ಕೇ ಹೋಗುತ್ತದೆ. ಅಂದರೆ ಇಬ್ಬರು ಕುಡಿದು, ಬೇಯಿಸಿ, ಮಿಂದು, ಬಟ್ಟೆ ಒಗೆದು ಮುಗಿಸುವುದಕ್ಕಿಂತ ಹೆಚ್ಚು ನೀರು ಯಾರೂ ಬಳಸದೆ ಹೋಯಿತು. ಬೆಂಗಳೂರಿನ ಮಟ್ಟಿಗೆ ಇದು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಹತ್ತಿರಹತ್ತಿರ 500 ಮೀಟರ್ ಎತ್ತರಕ್ಕೆ ಪಂಪು ಮಾಡಿ ತಂದ ಕಾವೇರಿ ನೀರು. 2024ರ ಬೇಸಿಗೆಯಲ್ಲಿ ಟ್ಯಾಂಕರಿಗಾಗಿ ಬಾಗಿಲಲ್ಲಿ ನಿಂತು ಕಾದವರ ಮನೆಗಳಲ್ಲೂ ಇಂಥ ಕಮೋಡುಗಳು ಇದ್ದಿರಲೇಬೇಕು. ಆಗ ನಲ್ಲಿಗಳಿಗೆ ಏರಿಯೇಟರ್ ಹಾಕಿಸಲು ಜಲಮಂಡಳಿ ಆದೇಶ ಹೊರಡಿಸಿತು, ಒಳ್ಳೆಯದೇ. ಫ್ಲಶ್ ಟ್ಯಾಂಕಿನ ಮುಚ್ಚಳ ಎತ್ತಿ ನೋಡಿ ಎಂದೂ ಒಂದು ಮಾತು ಸೇರಿಸಬಹುದಿತ್ತು ಎಂಬುದು ನನ್ನ ತಕರಾರು.

ಈ ಸೋರಿಕೆ ಕಣ್ಣಿಗೆ ಬೀಳದಿರುವುದು ನಮ್ಮ ಅಜಾಗರೂಕತೆಯಿಂದಲೇ ಅಲ್ಲ. ಈಗಿನ ಟ್ಯಾಂಕುಗಳ ರಚನೆಯೇ ಹಾಗಿದೆ. ಹಳೇ ರೈಲ್ವೆ ಕ್ವಾರ್ಟರ್ಸು, ಸರ್ಕಾರಿ ಬಂಗಲೆ, ಹಾಸ್ಟೆಲ್ಲುಗಳನ್ನು ಕಂಡವರಿಗೆ ತಲೆಯ ಮೇಲೆ ಕೂತಿರುತ್ತಿದ್ದ ಬೀಡುಕಬ್ಬಿಣದ ತೊಟ್ಟಿ, ಅದರಿಂದ ಇಳಿಬಿದ್ದ ಸರಪಳಿ ನೆನಪಿರಬಹುದು. ಆ ತೊಟ್ಟಿಯ ತಳದಲ್ಲಿ ನೀರನ್ನು ತಡೆದು ಹಿಡಿಯುವ ರಬ್ಬರ್ ಬಿರಡೆ ಎಂಬುದೇ ಇರಲಿಲ್ಲ. ನಡುವೆ ನೆಟ್ಟಗೆ ನಿಂತ ಒಂದು ಕೊಳವೆ. ಅದರ ಬಾಯಿ ನೀರಿನ ಮಟ್ಟಕ್ಕಿಂತ ಮೇಲೆ. ಕೊಳವೆಯ ಮೇಲೆ ಕವುಚಿ ಹಾಕಿದ ಕಬ್ಬಿಣದ ಗಂಟೆ. ಸರಪಳಿ ಎಳೆದು ಬಿಟ್ಟರೆ ಗಂಟೆ ದೊಪ್ಪನೆ ಕೂತು ತನ್ನೊಳಗಿನ ನೀರನ್ನು ಕೊಳವೆಯ ಬಾಯಿ ದಾಟಿಸುತ್ತಿತ್ತು. ಒಮ್ಮೆ ದಾಟಿದರೆ ಸಾಕು, ಸೈಫನ್ ಹಿಡಿದು ಮಿಕ್ಕ ನೀರೂ ಅದರ ಬೆನ್ನಿಗೇ ಧೋ ಎಂದು ಇಳಿಯುತ್ತಿತ್ತು. ಎಳೆಯದ ಹೊರತು ನೀರು ಆ ದಿಬ್ಬ ಹತ್ತುವುದು ಸಾಧ್ಯವಿರಲಿಲ್ಲ. ನೀರು ತುಂಬಿಸುವ ಬಾಲ್ ಕಾಕ್ ಕೆಟ್ಟು ತೊಟ್ಟಿ ತುಂಬಿ ತುಳುಕಿದರೆ ನೀರು ಓವರ್‌ಫ್ಲೋ ಕೊಳವೆಯಿಂದ ಗೋಡೆಯಾಚೆಗೆ ಸುರಿದು ಬೀದಿಯವರೇ ಬಂದು ಬಾಗಿಲು ತಟ್ಟುತ್ತಿದ್ದರು.

ಬ್ರಿಟನ್ನಿನಲ್ಲಂತೂ ಈ ಸೈಫನ್ನನ್ನು ಕಾನೂನೇ ಕಾಯ್ದುಕೊಂಡು ಬಂದಿತ್ತು. ತಳದಲ್ಲಿ ತೆರೆದುಕೊಳ್ಳುವ ವಾಲ್ವಿನ ಟ್ಯಾಂಕುಗಳಿಗೆ ಅಲ್ಲಿ ಅನುಮತಿ ಸಿಕ್ಕಿದ್ದು 2001ರಲ್ಲಿ. ಸೈಫನ್ನಿಗೂ ಅದರದೇ ಐಬು ಇದ್ದದ್ದು ನಿಜ. ಶುರುವಾದರೆ ತೊಟ್ಟಿ ಬರಿದಾಗುವವರೆಗೆ ನಿಲ್ಲದು, ಹಳೆಯವು ಒಂದೇಟಿಗೆ ಹತ್ತು ಹನ್ನೆರಡು ಲೀಟರ್ ಸುರಿಯುತ್ತಿದ್ದವು. ಅದಕ್ಕೇ ಈಗ ಎರಡು ಗುಂಡಿಯ ಟ್ಯಾಂಕು. ಚಿಕ್ಕ ಗುಂಡಿಗೆ 3 ಲೀಟರ್, ದೊಡ್ಡದಕ್ಕೆ 6. ಒತ್ತಿದಾಗಲೆಲ್ಲ ನೀರು ಉಳಿಯುತ್ತದೆ. ಆದರೆ ಅಷ್ಟೂ ನೀರನ್ನು ತಡೆದು ನಿಲ್ಲಿಸುವುದು ತಳದಲ್ಲಿ ಕೂತ ಒಂದು ರಬ್ಬರ್ ಅಥವಾ ಸಿಲಿಕೋನ್ ಬಳೆ. ಅದು ಸೋತರೆ ನೀರು ಕಮೋಡಿಗೆ. ಓವರ್‌ಫ್ಲೋ ಕೊಳವೆಯನ್ನೂ ಟ್ಯಾಂಕಿನೊಳಗೇ ಇಟ್ಟಿರುವುದರಿಂದ ಬಾಲ್ ಕಾಕ್ ಕೆಟ್ಟರೂ ನೀರು ಕಮೋಡಿಗೇ. ಎರಡು ರೋಗಕ್ಕೂ ಹೊರಗೆ ಕಾಣುವ ಲಕ್ಷಣ ಒಂದೇ, ಅಥವಾ ಲಕ್ಷಣವೇ ಇಲ್ಲ.

ಪತ್ತೆಗೆ ಪಾಶ್ಚಾತ್ಯರ ಪುಸ್ತಕಗಳು ಹೇಳುವ ಮೊದಲ ಉಪಾಯ, ರಾತ್ರಿ ಎಲ್ಲ ನಲ್ಲಿ ನಿಲ್ಲಿಸಿ ನೀರಿನ ಮೀಟರು ತಿರುಗುತ್ತಿದೆಯೇ ನೋಡಿ ಎಂಬುದು. ನಮ್ಮಲ್ಲಿ ಅದು ನಡೆಯುವುದಿಲ್ಲ. ಇಲ್ಲಿ ಮೀಟರು ಅಳೆಯುವುದು ಸಂಪಿಗೆ ಬೀಳುವ ನೀರನ್ನು. ಸಂಪಿನಿಂದ ಮೋಟರು ಮೇಲಿನ ಟ್ಯಾಂಕಿಗೆ ಏರಿಸುತ್ತದೆ, ಕಮೋಡಿಗೆ ನೀರು ಬರುವುದು ಅಲ್ಲಿಂದ. ಕಮೋಡು ರಾತ್ರಿಯಿಡೀ ಸೋರಿದರೂ ಆ ಹೊತ್ತಿನಲ್ಲಿ ಮೀಟರಿಗೆ ಅದರ ಸುಳಿವಿಲ್ಲ. ನೀರು ಬಿಡುವ ದಿನ ಸಂಪು ತುಂಬುವಾಗ ಎಲ್ಲ ಒಟ್ಟಿಗೆ ಲೆಕ್ಕಕ್ಕೆ ಸೇರುತ್ತದೆ, ಬಳಸಿದಷ್ಟೂ ದರ ಏರುತ್ತ ಹೋಗುವ ಬಿಲ್ಲಿನಲ್ಲಿ ಕಾಣಿಸಿಕೊಳ್ಳುತ್ತದೆ. ಬೋರ್‌ವೆಲ್ ಮನೆಗಳಲ್ಲಿ ಅದೂ ಇಲ್ಲ, ಕರೆಂಟು ಬಿಲ್ಲೇ ಗತಿ. ನಮಗೆ ಒದಗುವ ಸುಳಿವು ಬೇರೆ: ಮನೆಯಲ್ಲಿ ನೆಂಟರಿಲ್ಲ, ಬಟ್ಟೆ ಒಗೆದಿಲ್ಲ, ಆದರೂ ‘ನಿನ್ನೆ ತಾನೇ ಮೋಟರ್ ಹಾಕಿದ್ವಲ್ರೀ, ಇವತ್ತು ಮತ್ತೆ ಟ್ಯಾಂಕ್ ಖಾಲಿನಾ?’ ಎಂಬ ಮಾತು ಬಂತೆಂದರೆ ಅನುಮಾನ ಮೊದಲು ಹೋಗಬೇಕಾದ್ದು ಬಚ್ಚಲಿಗೆ.

ಖಾತ್ರಿ ಮಾಡಿಕೊಳ್ಳಲು ಬೀಟ್ರೂಟ್ ಸಾಕು. ಬೇಯಿಸಿದ ನೀರನ್ನು ಚೆಲ್ಲದೆ ಒಂದು ಲೋಟ ಎತ್ತಿಟ್ಟುಕೊಂಡು, ಎಲ್ಲರೂ ಮಲಗುವ ಹೊತ್ತಿಗೆ ಫ್ಲಶ್ ಟ್ಯಾಂಕಿಗೆ ಸುರಿಯಿರಿ. ಕೇಸರಿಬಾತಿಗೆ ಹಾಕುವ ಬಣ್ಣವೂ ಆಗುತ್ತದೆ. ಅರಿಶಿನ ಬೇಡ, ಅದು ನೀರಿನಲ್ಲಿ ಕರಗದೆ ತಳಕ್ಕೆ ಕೂರುತ್ತದೆ. ಅರ್ಧ ಗಂಟೆ ಯಾರೂ ಫ್ಲಶ್ ಮಾಡಬಾರದು. ಆಮೇಲೆ ಕಮೋಡಿನೊಳಗಿನ ನೀರಿಗೆ ಕೆಂಪು ಇಳಿದಿದ್ದರೆ ಸೋರಿಕೆ ಇದ್ದೇ ಇದೆ. ಟ್ಯಾಂಕಿನೊಳಗೆ ನೀಲಿ ಬಿಲ್ಲೆ ಹಾಕುವ ಮನೆಗಳಲ್ಲಿ ಈ ಪರೀಕ್ಷೆ ತಾನಾಗಿಯೇ ನಡೆಯುತ್ತಿರುತ್ತದೆ. ಫ್ಲಶ್ ಮಾಡಿ ಎಷ್ಟೋ ಹೊತ್ತಾದ ಮೇಲೂ ಕಮೋಡಿನ ಹಿಂಬದಿಯಲ್ಲಿ ಹೊಸ ನೀಲಿ ಗೆರೆ ಇಳಿಯುತ್ತಿದ್ದರೆ ಅದೇ ಸಾಕ್ಷಿ. ಬಣ್ಣದ ಉಸಾಬರಿ ಬೇಡವೆಂದರೆ ಕಮೋಡಿನ ಒಳಗೋಡೆಯನ್ನು ಒರೆಸಿ ಒಣಗಿಸಿ, ನೀರಿನ ಮಟ್ಟಕ್ಕಿಂತ ಮೇಲೆ ಒಂದು ಟಿಶ್ಯೂ ಕಾಗದ ಅಂಟಿಸಿ ನೋಡಬಹುದು. ಎಲ್ಲಿ ನೀರು ಜಾರುತ್ತಿದೆಯೋ ಅಲ್ಲಿ ಕಾಗದ ಗೆರೆ ಎಳೆದ ಹಾಗೆ ನೆನೆಯುತ್ತದೆ.

ಸೋರಿಕೆ ಇದೆಯೆಂದು ಗೊತ್ತಾದ ಮೇಲೆ ತಳದ ಬಳೆ, ಅಂದರೆ ಸೀಲು, ಮತ್ತು ಬಾಲ್ ಕಾಕ್ ಈ ಎರಡರಲ್ಲಿ ಯಾವುದು ಕೆಟ್ಟಿದೆ ಎಂಬ ಪ್ರಶ್ನೆ. ಇಲ್ಲಿ ಅವಸರಪಟ್ಟರೆ ಬೇಡದ ಸಾಮಾನು ಕೊಂಡು ತರುತ್ತೀರಿ. ಟ್ಯಾಂಕಿನ ಮುಚ್ಚಳವನ್ನು ಎರಡೂ ಕೈಯಲ್ಲಿ ಎತ್ತಿ, ಮಡಿಸಿದ ಬಟ್ಟೆಯ ಮೇಲೆ ಇಡಿ. ಪಿಂಗಾಣಿಯದಾದರೆ ಟೈಲ್ಸ್ ಮೇಲೆ ಜಾರಿ ಬಿದ್ದರೆ ಮುಗಿಯಿತು, ಮುಚ್ಚಳ ಮಾತ್ರ ಬಿಡಿಯಾಗಿ ಸಿಗುವುದು ಕಷ್ಟ. ಕೆಲವು ಟ್ಯಾಂಕುಗಳಲ್ಲಿ ಗುಂಡಿಯನ್ನು ತಿರುಗಿಸಿ ಬಿಚ್ಚಿದ ಮೇಲೇ ಮುಚ್ಚಳ ಏಳುವುದು, ಎಳೆದಾಡಬೇಡಿ. ಒಳಗೆ ನೀರು ನಿಂತಿರುವ ಮಟ್ಟಕ್ಕೆ ಪೆನ್ಸಿಲಿನಲ್ಲಿ ಗೆರೆ ಹಾಕಿ. ಗೋಡೆಯಿಂದ ಟ್ಯಾಂಕಿಗೆ ಬರುವ ಚಿಕ್ಕ ಪೈಪಿನ ಬುಡದಲ್ಲಿರುವ ಆಂಗಲ್ ಕಾಕ್ ಪೂರ್ತಿ ಮುಚ್ಚಿ ಅರ್ಧ ಗಂಟೆ ಬಿಡಿ. ನೀರು ಗೆರೆಗಿಂತ ಕೆಳಗಿಳಿದರೆ ತಪ್ಪು ತಳದ ಸೀಲಿನದು. ಗೆರೆಯಲ್ಲೇ ನಿಂತಿದ್ದು, ಕಾಕ್ ತೆರೆದಾಗ ಮಾತ್ರ ನೀರು ಓವರ್‌ಫ್ಲೋ ಕೊಳವೆಯ ಅಂಚು ದಾಟುತ್ತಿದ್ದರೆ ನೀರು ತುಂಬಿಸುವ ಬಾಲ್ ಕಾಕ್‌ನದು.

ಗೆರೆಯಿಂದ ಎಷ್ಟು ಇಳಿಯಿತು ಎಂದು ಸ್ಕೇಲಿಟ್ಟು ಅಳೆದರೆ ಹೋದ ನೀರಿನ ಲೆಕ್ಕವೂ ಸಿಗುತ್ತದೆ. ಟ್ಯಾಂಕಿನ ಒಳಗಿನ ಉದ್ದ 35, ಅಗಲ 12 ಸೆಂಟಿಮೀಟರ್ ಇದ್ದರೆ ಒಂದು ಸೆಂಟಿಮೀಟರ್ ಇಳಿತಕ್ಕೆ 420 ಮಿಲಿಲೀಟರ್. ಹತ್ತು ನಿಮಿಷಕ್ಕೆ ಎರಡು ಸೆಂಟಿಮೀಟರ್ ಇಳಿದಿದ್ದರೆ ದಿನಕ್ಕೆ ಸುಮಾರು 120 ಲೀಟರ್. ಪ್ಲಂಬರಿಗೆ ಹೇಳಿಕಳಿಸಿ ವಾರವಾದರೂ ಬರಲಿಲ್ಲವೆಂದಾಗ ಈ ಅಂಕಿ ಮನೆಯವರನ್ನು ತಾವೇ ಸ್ಪ್ಯಾನರ್ ಹಿಡಿಯುವಂತೆ ಮಾಡುತ್ತದೆ.

ಬಾಲ್ ಕಾಕ್‌ನ ತೊಂದರೆ ಹೆಚ್ಚಾಗಿ ಸುಲಭದ್ದು. ನೀರಿನ ಮಟ್ಟ ಓವರ್‌ಫ್ಲೋ ಬಾಯಿಗಿಂತ ಎರಡು ಎರಡೂವರೆ ಸೆಂಟಿಮೀಟರ್ ಕೆಳಗೆ ನಿಲ್ಲಬೇಕು. ತೇಲುಬುರುಡೆಯ ಪಕ್ಕದ ಸ್ಕ್ರೂ ತಿರುಗಿಸಿದರೆ ಅದು ತಗ್ಗುತ್ತದೆ. ತಗ್ಗಿಸಿದರೂ ನೀರು ನಿಲ್ಲದಿದ್ದರೆ ಬುರುಡೆ ಬಿರುಕು ಬಿಟ್ಟು ಒಳಗೆ ನೀರು ಕುಡಿದಿರಬಹುದು, ಅಲ್ಲಾಡಿಸಿ ನೋಡಿ. ಇಲ್ಲವೇ ವಾಲ್ವಿನೊಳಗಿನ ಸಣ್ಣ ವಾಷರಿನಲ್ಲಿ ಮರಳಿನ ಕಣ ಸಿಕ್ಕಿದೆ. ಮೇಲಿನ ಟ್ಯಾಂಕ್ ತೊಳೆಸಿದ ಮರುದಿನವೋ, ಬೀದಿಯಲ್ಲಿ ಪೈಪು ಒಡೆದು ರಿಪೇರಿಯಾಗಿ ಕೆಂಪು ನೀರು ಬಂದ ವಾರವೋ ಶುರುವಾದ ಸೋರಿಕೆಗೆ ಇದೇ ಕಾರಣವಿರುವುದು ಹೆಚ್ಚು. ಕಾಕ್ ಮುಚ್ಚಿ, ವಾಲ್ವಿನ ತಲೆ ಬಿಚ್ಚಿ, ಅದರ ಮೇಲೆ ಒಂದು ಲೋಟ ಕವುಚಿ ಹಿಡಿದು, ಕಾಕನ್ನು ಕ್ಷಣಮಾತ್ರ ತೆರೆದು ಮುಚ್ಚಿ. ಕಸ ನೀರಿನ ಜೊತೆ ಹಾರಿಹೋಗುತ್ತದೆ. ಲೋಟ ಹಿಡಿಯುವುದನ್ನು ಮರೆತರೆ ನಿಮಗೂ ಸೀಲಿಂಗಿಗೂ ಸ್ನಾನ.

ಇನ್ನೊಂದು ಚಮತ್ಕಾರ ಉಂಟು. ಹಗಲು ಸರಿಯಾಗಿದ್ದು ರಾತ್ರಿ ಮಾತ್ರ ಓವರ್‌ಫ್ಲೋ ಆಗುವ ಟ್ಯಾಂಕು. ಮೇಲಿನ ಟ್ಯಾಂಕಿನ ನೀರಿನ ಮಟ್ಟ ನಿಮ್ಮ ಕಮೋಡಿಗಿಂತ ಹತ್ತು ಮೀಟರ್ ಎತ್ತರದಲ್ಲಿದ್ದರೆ ಹೆಚ್ಚುಕಡಿಮೆ ಒಂದು ಬಾರ್ ಒತ್ತಡ. ಹಗಲಲ್ಲಿ ಎಲ್ಲರೂ ನಲ್ಲಿ ತಿರುಗಿಸುವುದರಿಂದ ಅದು ಕುಸಿದಿರುತ್ತದೆ. ನಡುರಾತ್ರಿ ಯಾರೂ ಬಳಸದಾಗ ಪೂರ್ತಿ ಒತ್ತಡ ಬಂದು ಸವೆದ ವಾಷರನ್ನು ತಳ್ಳುತ್ತದೆ. ಅಪಾರ್ಟ್‌ಮೆಂಟಿನ ಕೆಳ ಮಹಡಿಯವರಿಗೆ ಈ ಕಾಟ ಜಾಸ್ತಿ. ಹಾಗಾಗಿ ಪ್ಲಂಬರ್ ಹಗಲು ಬಂದು ನೋಡಿ ‘ಏನೂ ಇಲ್ಲ ಸಾರ್, ಸರಿಯಾಗೇ ಇದೆ’ ಎಂದು ಹೋದರೆ ಅವನನ್ನು ಬೈಯಬೇಕಾಗಿಲ್ಲ.

ತಳದ ಸೀಲಿಗೆ ಕೈ ಹಾಕುವ ಮೊದಲು ಗುಂಡಿಯನ್ನು ಅನುಮಾನಿಸಿ. ಮುಚ್ಚಳ ತೆಗೆದಾಗ ಸೋರಿಕೆ ನಿಂತು, ಮುಚ್ಚಿದಾಗ ಮತ್ತೆ ಶುರುವಾದರೆ ಸೀಲಿನ ತಪ್ಪಿಲ್ಲ. ಗುಂಡಿಯ ಕೆಳಗಿನ ಕಡ್ಡಿ ಉದ್ದವಾಗಿ ವಾಲ್ವನ್ನು ಕೂದಲೆಳೆಯಷ್ಟು ಒತ್ತಿಹಿಡಿದಿದೆ. ಕಡ್ಡಿಯನ್ನು ಎರಡು ಸುತ್ತು ತಿರುಗಿಸಿ ಗಿಡ್ಡ ಮಾಡಿದರೆ ಕೆಲಸ ಮುಗಿಯಿತು, ಖರ್ಚು ಸೊನ್ನೆ. ಒತ್ತಿದ ಗುಂಡಿ ಮೇಲೆ ಬಾರದೆ ಸಿಕ್ಕಿಕೊಳ್ಳುವುದೂ ಇದೇ ಜಾತಿಯದು.

ಸೀಲೇ ಸೋತಿದ್ದರೆ ಆಂಗಲ್ ಕಾಕ್ ಮುಚ್ಚಿ, ಫ್ಲಶ್ ಮಾಡಿ ಟ್ಯಾಂಕ್ ಬರಿದು ಮಾಡಿ. ನಡುವಿನ ಪ್ಲಾಸ್ಟಿಕ್ ಕಂಬವನ್ನು ಬುಡದಲ್ಲಿ ಹಿಡಿದು ಕಾಲು ಸುತ್ತು ಎಡಕ್ಕೆ ತಿರುಗಿಸಿದರೆ ಈಗಿನ ಹೆಚ್ಚಿನ ಟ್ಯಾಂಕುಗಳಲ್ಲಿ ಅದು ಕಳಚಿ ಬರುತ್ತದೆ. ಅದರ ಕೆಳಗಿನ ಬಳೆಯನ್ನು ಬೆಳಕಿಗೆ ಹಿಡಿದು ಸವರಿ ನೋಡಿ. ಬೆರಳಿಗೆ ಕಪ್ಪು ಮೆತ್ತಿಕೊಂಡರೆ ರಬ್ಬರ್ ಕರಗುತ್ತಿದೆ ಎಂದರ್ಥ, ಅದನ್ನು ತೊಳೆದು ಪ್ರಯೋಜನವಿಲ್ಲ. ಅಂಚು ಒಂದು ಕಡೆ ಚಪ್ಪಟೆಯಾಗಿದ್ದು ಮಿಕ್ಕದ್ದು ಮೆತ್ತಗೇ ಇದ್ದರೆ ಬಳೆಯನ್ನು ಮಗುಚಿ ಹಾಕಿದರೆ ಇನ್ನಷ್ಟು ಕಾಲ ಬಂದೀತು. ಇನ್ನು ಬಳೆ ಕೂರುವ ಜಾಗ. ಅಲ್ಲಿ ಬೆರಳಾಡಿಸಿದರೆ ಬೋರ್‌ವೆಲ್ ಊರುಗಳಲ್ಲಿ ಗರಗರ ಎನ್ನುತ್ತದೆ. ಸುಣ್ಣದ ಪದರ ಅದು. ಕುಡಿಯುವ ನೀರಿನ ಭಾರತೀಯ ಮಾನಕ ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಎಂಬ ಮಿತಿ ಹಾಕಿ, ಬೇರೆ ನೀರಿಲ್ಲದಿದ್ದರೆ 600ರವರೆಗೆ ಆಗಬಹುದು ಎನ್ನುತ್ತದೆ. ಕೋಲಾರ, ತುಮಕೂರು, ಚಿತ್ರದುರ್ಗದ ಕಡೆಯ ಕೊಳವೆಬಾವಿಯ ನೀರಿನ ರುಚಿ ಕಂಡವರಿಗೆ, ಬಿಸಿನೀರಿನ ಹಂಡೆಯ ತಳ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಹೊಸ ಸೀಲನ್ನು ಆ ಗರಗಸದ ಮೇಲೇ ಕೂರಿಸಿದರೆ ತಿಂಗಳೊಳಗೆ ಮತ್ತೆ ಸೋರುತ್ತದೆ. ಹೊಸದು ಹಾಕಿಸಿದರೂ ನಿಲ್ಲಲಿಲ್ಲ ಎಂದು ಗೊಣಗುವವರಲ್ಲಿ ಬಹಳ ಮಂದಿಯ ಕತೆ ಇದೇ. ನಿಂಬೆ ಉಪ್ಪನ್ನು ಬಿಸಿನೀರಲ್ಲಿ ಕರಗಿಸಿ, ಬಟ್ಟೆ ನೆನೆಸಿ, ಆ ಅಂಚಿನ ಮೇಲೆ ಗಂಟೆ ಹೊತ್ತು ಹೊದಿಸಿಡಿ. ಆಮೇಲೆ ಹಳೇ ಹಲ್ಲುಜ್ಜುವ ಬ್ರಶ್ಶಿಗೆ ಸುಣ್ಣ ಏಳುತ್ತದೆ. ಚಾಕು, ಉಪ್ಪುಕಾಗದ ಬೇಡ, ಗೀರು ಬಿದ್ದರೆ ಅದೇ ಹೊಸ ಕಾಲುವೆ.

ಬೇಗ ಆಗಲಿ ಎಂದು ಆಸಿಡ್ ಸುರಿಯುವವರಿದ್ದಾರೆ. ಕಮೋಡ್ ತೊಳೆಯುವ ಆಸಿಡ್ ಟ್ಯಾಂಕಿನೊಳಗೆ ಹೋದರೆ ಲೋಹದ ಬೋಲ್ಟುಗಳನ್ನು ತಿನ್ನುತ್ತದೆ, ರಬ್ಬರನ್ನೂ ಬಿಡುವುದಿಲ್ಲ. ಅದರ ಮೇಲೆ ಬ್ಲೀಚಿಂಗ್ ಪುಡಿಯೂ ಬಿದ್ದರೆ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿಯೂ ಸರಿಯಾಗಿಲ್ಲದ ಬಚ್ಚಲಲ್ಲಿ ಅದು ಪ್ರಾಣಕ್ಕೇ ಬಂದೀತು. ಕ್ಲೋರಿನ್ ಇರುವ ಬಿಲ್ಲೆಗಳನ್ನು ಸದಾ ಟ್ಯಾಂಕಿನಲ್ಲಿ ಇಟ್ಟರೂ ಸೀಲು ಬೇಗ ಹಾಳಾಗುತ್ತದೆ.

ಬಿಡಿಭಾಗ ತರುವಾಗ ಹಳೆಯದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡೇ ಅಂಗಡಿಗೆ ಹೋಗಿ. ‘ಫ್ಲಶ್ ಟ್ಯಾಂಕಿನ ವಾಷರ್ ಕೊಡಿ’ ಎಂದರೆ ಹಾರ್ಡ್‌ವೇರ್ ಅಂಗಡಿಯವನು ‘ಯಾವ ಕಂಪನಿದಣ್ಣಾ? ಒಂದ್ ಬಟನ್ನೋ ಎರಡ್ ಬಟನ್ನೋ?’ ಎನ್ನುತ್ತಾನೆ. ಪ್ಯಾರಿವೇರ್, ಹಿಂದ್‌ವೇರ್, ಸೆರಾ, ಜಾಗ್ವಾರ್ ಎಂದು ಒಂದಕ್ಕಿದ್ದದ್ದು ಇನ್ನೊಂದಕ್ಕೆ ಕೂರುವ ಖಾತ್ರಿಯಿಲ್ಲ. ಒಂದೇ ಕಂಪನಿಯಲ್ಲೂ ಮಾದರಿಗೊಂದು ಅಳತೆ. ಬಳೆ ಮಾತ್ರ ಹೋಗಿದ್ದರೆ ಬಳೆಯನ್ನೇ ಕೇಳಿ, ಇಡೀ ಸೆಟ್ಟೇ ಬದಲಾಯಿಸಬೇಕೆಂದು ಹೇಳುವುದು ವ್ಯಾಪಾರದ ಮಾತು. ಜೋಡಿಸುವಾಗ ಪ್ಲಾಸ್ಟಿಕ್ ನಟ್ಟುಗಳನ್ನು ಕೈಯಲ್ಲಿ ಬಿಗಿಮಾಡಿ, ಆಮೇಲೆ ಸ್ಪ್ಯಾನರಿನಲ್ಲಿ ಕಾಲು ಸುತ್ತು ಸಾಕು. ಭೀಮಬಲ ತೋರಿಸಿದರೆ ನಟ್ಟು ಸೀಳುತ್ತದೆ, ಕೆಲವೊಮ್ಮೆ ಪಿಂಗಾಣಿಯೂ. ಗೋಡೆಯೊಳಗೆ ಟ್ಯಾಂಕ್ ಹುದುಗಿಸಿದ ಹೊಸ ಬಗೆಯ ಬಚ್ಚಲುಗಳಲ್ಲೂ ಒಳಗಿನ ವ್ಯವಸ್ಥೆ ಇದೇ. ಗುಂಡಿಯ ತಗಡನ್ನು ಬಿಡಿಸಿದರೆ ಕೈ ತೂರುವಷ್ಟು ಕಿಂಡಿ ಇರುತ್ತದೆ, ಗೋಡೆ ಒಡೆಯಬೇಕಾಗಿಲ್ಲ.

ಒಳಚರಂಡಿ ಇಲ್ಲದ ಕಡೆ ಈ ಸೋರಿಕೆಯ ಪೆಟ್ಟು ಇನ್ನೊಂದು ತುದಿಗೂ ಬೀಳುತ್ತದೆ. ಸೆಪ್ಟಿಕ್ ಟ್ಯಾಂಕಿನಲ್ಲಿ ಗಟ್ಟಿ ಪದಾರ್ಥ ತಳಕ್ಕೆ ಕೂತು ಕೊಳೆಯಲು ನೀರು ನಿಧಾನವಾಗಿ ಸಾಗಬೇಕು. ದಿನವಿಡೀ ಸುಮ್ಮನೆ ನೀರು ನುಗ್ಗುತ್ತಿದ್ದರೆ ಕೂರುವ ಮೊದಲೇ ಎಲ್ಲ ಹೊರಗೆ ಹೋಗುತ್ತದೆ, ಇಂಗುಗುಂಡಿ ಕಟ್ಟಿಕೊಳ್ಳುತ್ತದೆ. ಈ ವಿಷಯದಲ್ಲಿ ಹಳ್ಳಿಗಳ ಜೋಡಿಗುಂಡಿ ಶೌಚಾಲಯವೇ ಜಾಣ. ಕಡಿದಾದ ಇಳಿಜಾರಿನ ಪ್ಯಾನು, ಬುಡದಲ್ಲಿ 20 ಮಿಲಿಮೀಟರ್ ನೀರಿನ ತಡೆ, ಚೊಂಬಿನಲ್ಲಿ ಒಂದೂವರೆ ಎರಡು ಲೀಟರ್ ಹೊಯ್ದರೆ ಆಯಿತು. ಫ್ಲಶ್ ಟ್ಯಾಂಕೇ ಇಲ್ಲದ ಮೇಲೆ ಸೋರುವುದೇನು ಬಂತು?

ಹೊರಗೆ ಕಾಣುವ ಸೋರಿಕೆಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಅವು ತಾವೇ ಕೂಗಿ ಹೇಳುತ್ತವೆ. ಕನೆಕ್ಷನ್ ಪೈಪಿನ ಎರಡೂ ತುದಿಗೆ ಒಣ ಕಾಗದ ಸುತ್ತಿ ಯಾವುದು ನೆನೆಯಿತು ನೋಡಿ, ಆ ತುದಿಯ ವಾಷರ್ ಬದಲಾಯಿಸಿ. ಆಂಗಲ್ ಕಾಕ್ ಗೋಡೆಗೆ ಸೇರುವ ಕಡೆ ಜಿನುಗುತ್ತಿದ್ದರೆ ಮೇಲಿನ ವಾಲ್ವ್ ಮುಚ್ಚಿ, ಬಿಚ್ಚಿ, ಮರೆಯ ಮೇಲೆ ಟೆಫ್ಲಾನ್ ಟೇಪನ್ನು ಕಾಕ್ ತಿರುಗಿಸಿ ಹಾಕುವ ದಿಕ್ಕಿಗೇ ಸುತ್ತಬೇಕು, ಉಲ್ಟಾ ಸುತ್ತಿದರೆ ಬಿಗಿ ಮಾಡುವಾಗ ಬಿಚ್ಚಿಕೊಳ್ಳುತ್ತದೆ. ಹೆಲ್ತ್ ಫಾಸೆಟ್ ಒಂದರ ಬಗ್ಗೆ ಮಾತ್ರ ಎಚ್ಚರಿಕೆ: ಅದರ ಹಿಡಿ ಬಿಟ್ಟರೆ ನೀರು ನಿಲ್ಲುತ್ತದೆಂದು ಬುಡದ ಕಾಕನ್ನು ತೆರೆದೇ ಇಡುವುದು ನಮ್ಮ ಅಭ್ಯಾಸ. ಆ ಪೈಪು ಸದಾ ಒತ್ತಡದಲ್ಲೇ ಇರಲೆಂದು ಮಾಡಿದ್ದಲ್ಲ. ಊರಿಗೆ ಹೋಗಿ ಬರುವಷ್ಟರಲ್ಲಿ ಅದು ಸಿಡಿದು ಮೇಲಿನ ಟ್ಯಾಂಕಿನ ನೀರೆಲ್ಲ ಹಾಲಿನಲ್ಲಿ ನಿಂತಿದ್ದನ್ನು ಕಂಡ ಮನೆಗಳು ಪ್ರತಿ ಬಡಾವಣೆಯಲ್ಲೂ ಒಂದೆರಡಾದರೂ ಸಿಗುತ್ತವೆ.

ನಿಜವಾದ ತಲೆನೋವು ಕೆಳಮನೆಯ ಸೀಲಿಂಗಿನದು. ನಮ್ಮ ಕಡೆ ಬಚ್ಚಲಿನ ಸ್ಲ್ಯಾಬನ್ನು ತಗ್ಗಿಸಿ, ಪೈಪುಗಳನ್ನು ಹಾಯಿಸಿ, ಮೇಲೆ ಇಟ್ಟಿಗೆಚೂರು ತುಂಬಿ ಟೈಲ್ಸ್ ಹಾಕುವುದು ರೂಢಿ. ಸಂಕನ್ ಎಂದು ಮೇಸ್ತ್ರಿಗಳು ಕರೆಯುವುದು ಇದನ್ನೇ. ಅದರೊಳಗೆ ಎಲ್ಲಿ ಸೋರಿದರೂ ನೀರು ಇಟ್ಟಿಗೆಚೂರಿನಲ್ಲಿ ಹರಡಿ, ಸ್ಲ್ಯಾಬಿಗೆ ದುರ್ಬಲ ಜಾಗ ಸಿಕ್ಕ ಕಡೆ ಕೆಳಗಿಳಿಯುತ್ತದೆ. ಆದ್ದರಿಂದ ಕಲೆ ಕಮೋಡಿನ ನೇರ ಕೆಳಗೇ ಇದ್ದರೂ ತಪ್ಪು ಕಮೋಡಿನದೇ ಎನ್ನುವಂತಿಲ್ಲ. ಟೈಲ್ಸ್ ಒಡೆಸುವ ಮೊದಲು ಆ ಕಲೆಯ ನಡವಳಿಕೆ ಗಮನಿಸಬೇಕು. ಬಚ್ಚಲು ಬಳಸಲಿ ಬಿಡಲಿ ಒಂದೇ ಸಮ ತೊಟ್ಟಿಕ್ಕುತ್ತಿದ್ದರೆ ಗೋಡೆಯೊಳಗಿನ, ಸದಾ ಒತ್ತಡದಲ್ಲಿರುವ ನೀರಿನ ಪೈಪು. ಸ್ನಾನದ ಹೊತ್ತಿನ ನಂತರ ಹೆಚ್ಚಾದರೆ ಟೈಲ್ಸಿನ ಸಂದು ಅಥವಾ ನೆಲದ ನೀರು ಹೊರಹೋಗುವ ನಹಾನಿ ಟ್ರ್ಯಾಪ್. ಫ್ಲಶ್ ಮಾಡಿದ ಮೇಲೆ ಮಾತ್ರ ಹೆಚ್ಚಿ, ವಾಸನೆಯೂ ಇದ್ದರೆ ಆಗ ಕಮೋಡು ಪೈಪಿಗೆ ಸೇರುವ ಜಾಗದ ಕನೆಕ್ಟರ್ ರಬ್ಬರನ್ನೋ, ಬಿರುಕು ಬಿಟ್ಟ ಬಿಳಿ ಸಿಮೆಂಟನ್ನೋ ನೋಡಬೇಕು. ಬೀಟ್ರೂಟ್ ನೀರು ಇಲ್ಲಿ ಕೆಲಸಕ್ಕೆ ಬಾರದು, ಇಟ್ಟಿಗೆ ಅದನ್ನು ಹೀರಿಕೊಂಡುಬಿಡುತ್ತದೆ. ಆ ಬಚ್ಚಲೊಂದನ್ನೇ ಕೆಲವು ದಿನ ಬೀಗ ಹಾಕಿ, ಒಂದೊಂದೇ ಬಳಕೆಯನ್ನು ಮತ್ತೆ ಶುರುಮಾಡುತ್ತ ಕೆಳಮನೆಯವರಿಂದ ವರದಿ ಪಡೆಯುವುದು ಖರ್ಚಿಲ್ಲದ ದಾರಿ. ಅದಕ್ಕೆ ಕೆಳಮನೆಯವರ ಜೊತೆ ಮಾತು ಬಿಟ್ಟಿರಬಾರದು, ಅಷ್ಟೆ.

ರಿಪೇರಿಯಾದ ಮೇಲೂ ಸಂಕನ್ ಒಳಗೆ ನಿಂತ ನೀರು ವಾರಗಟ್ಟಲೆ ತೊಟ್ಟಿಕ್ಕಬಹುದು. ಕೆಲಸ ಸರಿಯಾಗಿಲ್ಲವೆಂದು ಮೂರನೇ ದಿನಕ್ಕೇ ಮತ್ತೆ ಒಡೆಸಲು ಹೋಗಬೇಡಿ, ಕೆಳಮನೆಯವರಿಗೂ ಇದನ್ನು ಮುಂಚೆಯೇ ಹೇಳಿಡಿ. ಅವರ ಸೀಲಿಂಗಿಗೆ ಬಣ್ಣ ಬಳಿಸಿಕೊಡುವ ಮಾತು ಕೊಟ್ಟಿದ್ದರೆ ಪೇಂಟರನ್ನು ಕಲೆ ಪೂರ್ತಿ ಒಣಗಿದ ಮೇಲೆ ಕರೆಸಿ.